ಕಲ್ಲಿಟ್ಟ ಹಲಗೆ

ಸ್ಕಾರವಿಗ್,
8 ಸೆಪ್ಟೆಂಬರ್ 1923

ಮಗಳೇ ಮಾರ್ಸಲಿ,

ತೊಟ್ಟಿಲು ಮುಗಿಯಿತು. ಇವತ್ತು ಬೆಳಿಗ್ಗೆ ಗಾಡಿಯವನ ಕೈಲಿ ಹಡಗುಕಟ್ಟೆಗೆ ಕಳಿಸಿದೆ. ಬರುವ ವಾರದ ಹಡಗು ಹತ್ತಿದರೆ ನಿನ್ನ ಹೆರಿಗೆಗೆ ಮೊದಲೇ ಗ್ಲಾಸ್ಗೊ ಸೇರುತ್ತದೆ. ಹಳೆ ಹಾಯಿಬಟ್ಟೆಯಲ್ಲಿ ಸುತ್ತಿ, ಮೇಲೆ ಬಣ್ಣದಲ್ಲಿ ನಿನ್ನ ವಿಳಾಸ ಬರೆದಿದ್ದೇನೆ. ಬೀದಿ, ಮನೆ ನಂಬರು, ಮೂರನೇ ಅಂತಸ್ತು, ಎಡಗಡೆಯ ಬಾಗಿಲು, ಎಲ್ಲ. ಗಾಡಿಯವನು ನೋಡಿ, "ರಾಜನ ಅರಮನೆಗೂ ಇಷ್ಟುದ್ದ ವಿಳಾಸ ಇರಲ್ಲ ಬಿಡಪ್ಪ" ಎಂದ.

ಮರ ಎಲ್ಲಿಂದ ಬಂತು ಎಂದು ನೀನು ಕೇಳುತ್ತೀಯ. ಕೇಳದಿದ್ದರೆ ನೀನು ನಮ್ಮ ಕಡೆಯವಳೇ ಅಲ್ಲ. ಒಂದು ಗಿಡವೂ ನೆಟ್ಟಗೆ ನಿಲ್ಲದ ಊರಿನಲ್ಲಿ ಕಡಲು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಜುಲೈ ಕೊನೆಯ ಬಿರುಗಾಳಿ ಕೊಲ್ಲಿಯ ತೆಂಕಣ ತುದಿಯ ಮರಳನ್ನೆಲ್ಲ ಕಿತ್ತು ಎಸೆಯಿತು. ಆಮೇಲೊಂದು ದಿನ ಕುರಿ ಹುಡುಕುತ್ತ ಹೋದಾಗ ಉಬ್ಬರದ ಗೆರೆಯ ಮೇಲ್ಗಡೆ ಒಂದು ಹಲಗೆ ಕಂಡಿತು. ಕೆಂಪು ಮರ, ಒಂದೂವರೆ ಆಳುದ್ದ, ಹುಡುಕಿದರೂ ಒಂದು ಗಂಟಿಲ್ಲ.

ಅದರ ಮೇಲೊಂದು ಕಲ್ಲಿತ್ತು.

ಕಲ್ಲಿದ್ದ ಮೇಲೆ ಮುಟ್ಟುವ ಹಾಗಿಲ್ಲ. ಮರವನ್ನು ನೀರಿನಿಂದ ಎಳೆದು ಮೇಲೆ ಕಲ್ಲಿಟ್ಟವನು ಹತ್ತು ವರ್ಷ ಬಾರದಿದ್ದರೂ ಅದು ಅವನದೇ. ನಮ್ಮವರು ಪಕ್ಕದ ಮನೆಯ ಕೋಳಿ ಕದ್ದಾರು, ಕಲ್ಲಿಟ್ಟ ಮರ ಮುಟ್ಟಲಾರರು. ಆದರೆ ಈಗ ಕೊಲ್ಲಿಯ ಮೇಲೆ ಒಲೆ ಉರಿಯುವುದು ಎರಡೇ ಮನೆಯಲ್ಲಿ, ನನ್ನದು ಮತ್ತು ಮುದುಕಿ ಬೇಹಾಗಳದು. ಹೋಗಿ ಕೇಳಿದೆ.

"ನಂದಲ್ಲ," ಎಂದಳು. "ಈ ವಯಸ್ಸಲ್ಲಿ ಹಲಗೆ ಎಳೀತೀನಾ ನಾನು? ನನ್ನನ್ನೇ ಯಾರಾದ್ರೂ ಎಳೀಬೇಕು."

"ಹಾಗಾದ್ರೆ ಯಾರದು?"

"ನಿಂದಲ್ಲ ಅನ್ನೋದು ಮಾತ್ರ ಖಂಡಿತ. ಇಟ್ಟ ಕಲ್ಲು ಇಟ್ಟ ಹಾಗೇ ಇರ್ಲಿ, ಲಾಕ್ಲನ್."

ಮೂರು ಭಾನುವಾರ ಕಾದೆ. ಯಾರೂ ಬರಲಿಲ್ಲ. ಕೊನೆಗೆ, ಈ ಕಲ್ಲನ್ನು ಯಾರೂ ಇಟ್ಟದ್ದಲ್ಲ, ಅಲೆಯೇ ಉರುಳಿಸಿ ತಂದದ್ದು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಎತ್ತಿ ಪಕ್ಕಕ್ಕಿಟ್ಟೆ. ಬೇಹಾಗ್ ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟಳು. ಅದರಿಂದ ಕೆಲಸ ಬೇಗ ಸಾಗಿತು.

ನಿನ್ನಪ್ಪ ಇದ್ದಿದ್ದರೆ ಮೊಮ್ಮಗುವಿಗೆ ಅವನೇ ಮಾಡುತ್ತಿದ್ದ. ನನ್ನ ತಮ್ಮನ ಕೈ ನನಗಿಂತ ನಯ. ಆದರೂ ಉಜ್ಜುಗೊರಡು ಆಡಿಸುವಾಗ ಆ ಮರದಿಂದ ಬರುತ್ತಿದ್ದ ವಾಸನೆ ಎಷ್ಟು ಹಿತವಾಗಿತ್ತೆಂದರೆ ನಾಲ್ಕು ಸಲ ಕೆಲಸ ನಿಲ್ಲಿಸಿ ಮೂಸಿದೆ.

ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಅಳಿಯ ಫರ್ಕರ್‌ಗೆ ಕೇಳಿದೆನೆಂದು ಹೇಳು.

ನಿನ್ನ ದೊಡ್ಡಪ್ಪ,
ಲಾಕ್ಲನ್

*

ಗ್ಲಾಸ್ಗೊ,
27 ಸೆಪ್ಟೆಂಬರ್ 1923

ಪ್ರೀತಿಯ ದೊಡ್ಡಪ್ಪ,

ತೊಟ್ಟಿಲು ಬಂತು. ನೋಡಿ ಅತ್ತುಬಿಟ್ಟೆ. ಈಗೀಗ ಬ್ರೆಡ್ಡು ಹಳಸಿದರೂ ಅಳುತ್ತೇನೆ, ಆದರೂ ಇದಕ್ಕೆ ಅತ್ತದ್ದು ನಿಜವಾದ ಅಳು.

ಫರ್ಕರ್ ಯಾರ್ಡಿನಿಂದ ಬಂದವನೇ ಕೆಳಗಿನಿಂದ ಹೊತ್ತು ತಂದ. ಎರಡನೇ ಅಂತಸ್ತಿನ ಮಿಸೆಸ್ ಟೋಲನ್ ಬಾಗಿಲಲ್ಲಿ ನಿಂತು, "ಏನಯ್ಯಾ, ಹಡಗು ಕಟ್ಟೋ ಕಡೆಯಿಂದ ಒಂದು ಹಡಗನ್ನೇ ಹೊತ್ಕೊಂಡು ಬಂದ್ಯಾ?" ಎಂದಳು.

"ಹಡಗು ಮೆಟ್ಟಿಲಲ್ಲಿ ತೂರಲಿಲ್ಲ ಮಿಸೆಸ್ ಟೋಲನ್, ದೋಣಿ ತಂದೆ," ಎಂದ ಇವನು.

ಕಿಟಕಿಯ ಕೆಳಗೆ ಇಟ್ಟಿದ್ದೇನೆ. ಅದರ ವಾಸನೆ ನಮ್ಮ ಕೊಲ್ಲಿಯದೇ. ಇಲ್ಲಿ ಹೊಗೆ ಬಿಟ್ಟರೆ ಬೇರೆ ವಾಸನೆಯಿಲ್ಲ. ಮಧ್ಯಾಹ್ನ ಒಬ್ಬಳೇ ಇರುವಾಗ ಕೆಳಗೆ ಕೂತು ಅದಕ್ಕೆ ಕೆನ್ನೆ ಒತ್ತಿಕೊಳ್ಳುತ್ತೇನೆ.

ಕಲ್ಲಿನ ಸಂಗತಿ ಫರ್ಕರ್‌ಗೆ ಹೇಳಿದೆ. ಗ್ಲಾಸ್ಗೊದಲ್ಲೇ ಹುಟ್ಟಿ ಬೆಳೆದವನು, ಬಿದ್ದು ಬಿದ್ದು ನಕ್ಕ. "ನಾಳೆಯಿಂದ ನನ್ನ ಊಟದ ಡಬ್ಬಿ ಮೇಲೂ ಒಂದು ಕಲ್ಲಿಡ್ತೀನಿ ಕಣೇ, ಯಾರ್ಡಲ್ಲಿ ಯಾರು ಮುಟ್ತಾರೋ ನೋಡೋಣ."

ನಾನೂ ನಕ್ಕೆ. ಆದರೆ ದೊಡ್ಡಪ್ಪ, ನೀವು ಆ ಕಲ್ಲು ಎತ್ತಬಾರದಿತ್ತು, ಅಲ್ಲವೇ?

ನಿಮ್ಮ,
ಮಾರ್ಸಲಿ

*

ಸ್ಕಾರವಿಗ್,
13 ಅಕ್ಟೋಬರ್ 1923

ಮಾರ್ಸಲಿ,

ಇಲ್ಲಿ ಎಲ್ಲ ಸೌಖ್ಯ. ಆಲೂಗಡ್ಡೆ ಅಗೆದಾಯಿತು. ಹಸು ಹಾಲು ಕಡಿಮೆ ಮಾಡಿದೆ.

ಒಂದು ಮಾತು. ತೊಟ್ಟಿಲಿನ ಮರ ಇನ್ನೂ ಸರಿಯಾಗಿ ಒಣಗಿಲ್ಲವೇನೋ ಎಂದು ಈಗ ಅನ್ನಿಸುತ್ತಿದೆ. ಮಗು ಹುಟ್ಟಿದ ಮೇಲೆ ಸದ್ಯಕ್ಕೆ ಅದರಲ್ಲಿ ಮಲಗಿಸಬೇಡ. ಬೀರುವಿನ ಡ್ರಾಯರ್ ಹೊರಗೆಳೆದು ಅದರಲ್ಲಿ ಬಟ್ಟೆ ಹಾಸಿ ಮಲಗಿಸು. ನಿನ್ನನ್ನು ಮೂರು ತಿಂಗಳು ಮೀನಿನ ಬುಟ್ಟಿಯಲ್ಲಿ ಮಲಗಿಸಿದ್ದೆವು, ನಿನಗೇನೂ ಕೊರತೆಯಾಗಲಿಲ್ಲ.

ಇನ್ನೊಂದು. ಯಾರಾದರೂ ಬಂದು ತೊಟ್ಟಿಲು ಕೇಳಿದರೆ ಕೊಟ್ಟುಬಿಡು. ಯಾಕೆಂದು ಕೇಳಬೇಡ, ಒಳಗೆ ಕರೆಯಬೇಡ. ಹೊರಗಿಟ್ಟು ಬಾಗಿಲು ಹಾಕಿಕೋ.

ಯಾರೂ ಬರಲಾರರು. ಇಷ್ಟು ದೂರದಿಂದ ಯಾರು ಬರುತ್ತಾರೆ. ಸುಮ್ಮನೆ ಬರೆದೆ.

ನಿಮ್ಮ ಕಟ್ಟಡದ ಮೆಟ್ಟಿಲು ಒಣಗಿರುತ್ತದೆಯೇ? ಮುಂದಿನ ಕಾಗದದಲ್ಲಿ ತಪ್ಪದೆ ತಿಳಿಸು.

ಬೇಹಾಗ್ ಮತ್ತೆ ನನ್ನ ಜೊತೆ ಮಾತಾಡುತ್ತಿದ್ದಾಳೆ. ತಾನಾಗಿ ಬಂದು ಒಲೆಯ ಮುಂದೆ ಕೂತಳು, ಒಂದು ಮಾತೂ ಚುಚ್ಚಲಿಲ್ಲ. ನನಗೆ ಅದೇ ಹೆದರಿಕೆ.

ದೊಡ್ಡಪ್ಪ

*

ಗ್ಲಾಸ್ಗೊ,
4 ನವೆಂಬರ್ 1923

ಪ್ರೀತಿಯ ದೊಡ್ಡಪ್ಪ,

ಗಂಡು ಮಗು! ಅಕ್ಟೋಬರ್ ಹತ್ತೊಂಬತ್ತಕ್ಕೆ. ಅಪ್ಪನ ಹೆಸರೇ ಇಟ್ಟಿದ್ದೇವೆ, ನೀಲ್. ಕಿವಿ ನಿಮ್ಮದು, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ಮೊದಲ ವಾರ ನೀವು ಹೇಳಿದಂತೆ ಡ್ರಾಯರಿನಲ್ಲಿ ಮಲಗಿಸಿದೆ. ಆಮೇಲೆ ಫರ್ಕರ್ ಒಪ್ಪಲಿಲ್ಲ. "ಕ್ಲೈಡ್ ನದಿ ದಡದಲ್ಲೆಲ್ಲ ಇಷ್ಟು ಗಟ್ಟಿ ಮರ ಇಲ್ಲ, ಇನ್ನೂ ಏನೇ ಒಣಗೋದು? ನನ್ನ ಮಗ ಏನು ಕಾಲುಚೀಲವಾ, ಡ್ರಾಯರಲ್ಲಿ ಇಡೋಕೆ?" ಎಂದು ತಾನೇ ಎತ್ತಿ ತೊಟ್ಟಿಲಿಗೆ ಹಾಕಿದ. ಮಗು ಅಳಲಿಲ್ಲ. ತೊಟ್ಟಿಲಲ್ಲಿ ಅದು ಅಳುವುದೇ ಇಲ್ಲ, ಕಣ್ಣು ತೆರೆದುಕೊಂಡು ಒಂದೇ ಕಡೆ ನೋಡುತ್ತ ಮಲಗಿರುತ್ತದೆ.

ಮೆಟ್ಟಿಲಿನ ಬಗ್ಗೆ ಕೇಳಿದ್ದಿರಿ. ನಿಮಗೆ ಹೇಗೆ ಗೊತ್ತಾಯಿತು? ಹದಿನೈದು ದಿನದಿಂದ ಅದೇ ಜಗಳ. ಮೊದಲು ಕೆಳಗಿನ ಬಾಗಿಲ ಹತ್ತಿರ ಒದ್ದೆ ಬೂಟಿನ ಗುರುತು ಕಂಡಿತು. ಎರಡು ದಿನ ಬಿಟ್ಟು ಮೊದಲ ಅಂತಸ್ತಿನಲ್ಲಿ. ಆಮೇಲೆ ಮಿಸೆಸ್ ಟೋಲನ್ ಬಾಗಿಲ ಮುಂದೆ. ಅವಳು ಒರೆಸುವ ಬಟ್ಟೆ ಹಿಡಿದು ಮೇಲೆ ಬಂದಳು.

"ನೋಡಮ್ಮ, ನಿನ್ನ ಗಂಡ ಬೂಟು ಕೊಡವಿಕೊಂಡು ಹತ್ತಲಿ. ಈ ವಾರ ಮೆಟ್ಟಿಲು ತೊಳೆಯೋ ಸರದಿ ನಂದು."

"ಅವನು ಮೂರು ದಿನದಿಂದ ಹಗಲು ಪಾಳಿ, ಈಗ ಮನೇಲೇ ಇಲ್ಲ," ಎಂದೆ.

"ಹಾಗಾದ್ರೆ ಯಾರು? ನಲ್ಲಿ ನೀರೂ ಅಲ್ಲ ಇದು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿದೆ. ಸಮುದ್ರದ ನೀರು ಕಣೇ. ನಾನು ಡೊನೆಗಾಲ್ ಕಡಲತೀರದವಳು, ನಂಗೊತ್ತಿಲ್ವಾ?"

ಹೋದ ಸೋಮವಾರದಿಂದ ಗುರುತು ನಮ್ಮ ಬಾಗಿಲ ಮುಂದಿದೆ. ಅಂದಿನಿಂದ ಮಗುವಿನ ಹೊದಿಕೆ ದಿನವೂ ಕಾಲಿನ ಕಡೆ ಒದ್ದೆಯಾಗಿರುತ್ತದೆ. ಮಗು ಮಾಡಿದ್ದೇ ಎಂದುಕೊಂಡಿದ್ದೆ. ಆದರೆ ಅದು ಒಣಗಿದ ಮೇಲೆ ಬಿಳಿ ಪುಡಿ ಕೂರುತ್ತದೆ. ನಾನೂ ನಾಲಿಗೆಗೆ ಹಚ್ಚಿ ನೋಡಿದೆ, ದೊಡ್ಡಪ್ಪ.

ಮಗು ಸ್ವಲ್ಪ ಕೆಮ್ಮುತ್ತಿದೆ. ನೀವು ಯಾಕೆ ಮೆಟ್ಟಿಲು ಕೇಳಿದಿರಿ?

ಮಾರ್ಸಲಿ

*

ಸ್ಕಾರವಿಗ್,
10 ನವೆಂಬರ್ 1923

ಮಗಳೇ,

ಇದನ್ನು ಓದುವಾಗ ಮಗು ತೊಟ್ಟಿಲಲ್ಲಿದ್ದರೆ ಓದುವುದನ್ನು ನಿಲ್ಲಿಸಿ ಎತ್ತಿಕೋ.

ಎತ್ತಿಕೊಂಡೆಯಾ? ಈಗ ಓದು.

ಮರ ಒಣಗಿಲ್ಲ ಎಂದು ಬರೆದದ್ದು ಸುಳ್ಳು. ಅಕ್ಟೋಬರ್ ಹನ್ನೊಂದರ ಮಧ್ಯಾಹ್ನ ಗೊಬ್ಬರಕ್ಕೆ ಕಡಲಪಾಚಿ ತರಲು ಕೊಲ್ಲಿಗೆ ಇಳಿದೆ. ನಾಲ್ಕು ದಿನದಿಂದ ಮಳೆಯಿರಲಿಲ್ಲ, ಒಳ್ಳೆ ಬಿಸಿಲು. ಮರಳುದಿಬ್ಬ ದಾಟುತ್ತಲೇ ನಾಯಿ ಹೊಟ್ಟೆಯ ಮೇಲೆ ಮಲಗಿಬಿಟ್ಟಿತು. ಕರೆದೆ, ಬೈದೆ, ಬರಲಿಲ್ಲ.

ಹಲಗೆ ಸಿಕ್ಕ ಜಾಗದಲ್ಲಿ ಒಬ್ಬ ನಿಂತಿದ್ದ. ಏನೋ ಕಳೆದುಕೊಂಡವರು ನೋಡುವ ಹಾಗೆ ನೆಲ ನೋಡುತ್ತಿದ್ದ.

"ಯಾವ ದೋಣಿಯವ್ರು?" ಎಂದು ಕೂಗಿದೆ.

ತಲೆಯೆತ್ತಿದ. ಗಡ್ಡ, ನಾವಿಕರ ಟೋಪಿ, ಗಿಡ್ಡ ಕೋಟು. ಕೋಟಿನ ಹಿತ್ತಾಳೆ ಗುಂಡಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ತೋಳಿನಿಂದ ನೀರು ಸುರಿಯುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಅವನ ಸುತ್ತ ಒಣಮರಳು ಕಪ್ಪಗಾಗುತ್ತ ನನ್ನ ಕಡೆಗೆ ಹರಡುತ್ತಿತ್ತು.

"ನನ್ನ ಹಲಗೆ ಎಲ್ಲಿ?" ಎಂದ.

ಯಾವ ಭಾಷೆಯಲ್ಲಿ ಕೇಳಿದನೋ ಈಗ ನೆನೆಸಿಕೊಂಡರೆ ಹೊಳೆಯುವುದಿಲ್ಲ. ಅರ್ಥ ಮಾತ್ರ ಆಯಿತು.

"ಗೊತ್ತಿಲ್ಲ," ಎಂದೆ.

"ಕಲ್ಲಿಟ್ಟಿದ್ದೆ."

"ನನ್ನ ಹತ್ರ ಇಲ್ಲ. ಗ್ಲಾಸ್ಗೊಗೆ ಹೋಯ್ತು," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವನು ಒಂದು ಹೆಜ್ಜೆ ಮುಂದಿಟ್ಟ. ನಾನು ನಿನ್ನ ಬೀದಿಯ ಹೆಸರು ಹೇಳಿದೆ. ಇನ್ನೊಂದು ಹೆಜ್ಜೆ ಇಟ್ಟ. ಮನೆ ನಂಬರು ಹೇಳಿದೆ. ಮೂರನೇ ಅಂತಸ್ತು ಎಂದೆ. ಎಡಗಡೆಯ ಬಾಗಿಲು ಎಂದೂ ಹೇಳಿದೆ, ಮಾರ್ಸಲಿ. ನನ್ನ ಹತ್ತಿರ ಬಾರದಿರಲಿ ಎಂದು ಅವನಿಗೆ ನಿನ್ನ ಬಾಗಿಲು ತೋರಿಸಿಕೊಟ್ಟೆ. ಕೈಯಾರೆ ಬೆಳೆಸಿದ ಹುಡುಗಿ ನೀನು.

ಅವನು ಸರಿ ಎನ್ನುವ ಹಾಗೆ ತಲೆಯಾಡಿಸಿ ನೀರಿನ ಕಡೆ ತಿರುಗಿದ. ನಾನು ನಿಂತು ನೋಡಲಿಲ್ಲ. ಅರವತ್ತನಾಲ್ಕು ವರ್ಷದವನು ಆ ದಿಬ್ಬವನ್ನು ಓಡಿಯೇ ಹತ್ತಿದೆ.

ಅವನು ಯಾರೆಂದು ನನಗೆ ಗೊತ್ತು. ಆ ಗುಂಡಿಗಳನ್ನು ನಾನು ಮೊದಲೂ ನೋಡಿದ್ದೇನೆ. 1881ರ ಫೆಬ್ರವರಿಯಲ್ಲಿ ತೆಂಕಣ ಬಂಡೆಗೆ ಒಂದು ಹಡಗು ಬಡಿದು ಒಡೆಯಿತು. ಒಡಲ ತುಂಬ ಕೆಂಪು ಹಲಗೆ ಹೇರಿದ್ದ ಹಡಗು. ಬೆಳಗಾಗುವಷ್ಟರಲ್ಲಿ ಇಡೀ ಊರು ದಡದಲ್ಲಿತ್ತು. ಆಗ ಹದಿನೇಳು ಮನೆ. ಎಲ್ಲರೂ ಹಲಗೆ ಎಳೆದೆವು, ಕಲ್ಲಿಟ್ಟೆವು, ಮತ್ತೆ ಎಳೆದೆವು. ಆ ವಸಂತದಲ್ಲಿ ಎಲ್ಲ ಮನೆಗೂ ಹೊಸ ಮಾಡು ಬಂತು. ನೀನು ಹುಟ್ಟಿದ್ದು ಆ ಮಾಡಿನ ಕೆಳಗೇ.

ದಡಕ್ಕೆ ಬಂದ ಮನುಷ್ಯ ಒಬ್ಬನೇ. ಹಲಗೆಯೊಂದನ್ನು ಅವುಚಿಕೊಂಡು ಬಂದಿದ್ದ. ಅವನ ಬೆರಳು ಬಿಡಿಸಿ ಆ ಹಲಗೆ ತೆಗೆದುಕೊಂಡವನು ನಾನು. ಸಂಜೆ ಅವನನ್ನು ಹಾಯಿಬಟ್ಟೆಯಲ್ಲಿ ಸುತ್ತಿ ದಿಬ್ಬದ ಮರಳಲ್ಲಿ ಹೂತೆವು. ಅಷ್ಟು ಮರ ಬಂದಿದ್ದ ದಿನ, ಒಂದು ಪೆಟ್ಟಿಗೆ ಮಾಡಲು ಯಾರೂ ಒಂದು ಹಲಗೆ ಬಿಟ್ಟುಕೊಡಲಿಲ್ಲ. ಕಡಲಿನವನು ಕಡಲಿನ ಬಟ್ಟೆಯಲ್ಲಿ ಹೋಗಲಿ ಎಂದು ಯಾರೋ ಅಂದರು. ನಾವೆಲ್ಲ ಹೌದೆಂದೆವು.

ಈಗ ಬಿರುಗಾಳಿ ಮರಳು ಕಿತ್ತಾಗ ಅವನ ಹಡಗಿನದೊಂದು ಹಲಗೆ ಮೇಲೆ ಬಂದಿದೆ. ಅವನು ಅದನ್ನು ತನಗೆಂದು ಎಳೆದು, ನಮ್ಮ ಪದ್ಧತಿಯಂತೆಯೇ ಕಲ್ಲಿಟ್ಟಿದ್ದಾನೆ. ಅವನಿಗೆ ಆ ಪದ್ಧತಿ ಕಲಿಸಿದವರು ನಾವೇ.

ತೊಟ್ಟಿಲನ್ನು ಇವತ್ತೇ ಬಾಗಿಲ ಹೊರಗಿಡು. ಒಯ್ಯಲಿ. ಒಯ್ಯುವುದನ್ನು ನೋಡಬೇಡ.

ಲಾಕ್ಲನ್

*

ಗ್ಲಾಸ್ಗೊ,
15 ನವೆಂಬರ್ 1923

ದೊಡ್ಡಪ್ಪ,

ಹೊರಗಿಡಲು ತೊಟ್ಟಿಲಿಲ್ಲ. ನಿಮ್ಮ ಕಾಗದ ಬರುವುದಕ್ಕೆ ಎರಡು ದಿನ ಮುಂಚೆ ಫರ್ಕರ್ ಅದನ್ನು ಒಡೆದು ಒಲೆಗೆ ಹಾಕಿದ.

ಮಗುವಿನ ಕೆಮ್ಮು ಜಾಸ್ತಿಯಾಗಿತ್ತು. ಆ ಒದ್ದೆಯಿಂದಲೇ ಎಂದು ಇವನಿಗೆ ರೇಗಿತು. ಮರ ಹಸಿರಾಗಿ, ನೀಲಿಯಾಗಿ ಉರಿಯಿತು. ಉರಿಯುವಷ್ಟು ಹೊತ್ತೂ ಯಾರೋ ಹಲ್ಲು ಕಚ್ಚಿ ಉಸಿರು ಬಿಡುವ ಹಾಗೆ ಸುಯ್ಗುಡುತ್ತಿತ್ತು.

ಮರುದಿನ ಮಧ್ಯಾಹ್ನ ನಾನು ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ. ಬೂಟಿನ ಸದ್ದು ಮೆಟ್ಟಿಲು ಹತ್ತಿತು. ಗುರುತು ನಿಂತ ಹಾಗೆ ಸದ್ದೂ ಬಾಗಿಲಲ್ಲೇ ನಿಲ್ಲುತ್ತದೆ ಎಂದುಕೊಂಡೆ. ಅಗುಳಿ ಹಾಕಿತ್ತು. ಬಾಗಿಲು ತೆರೆಯಲಿಲ್ಲ, ಆದರೆ ಸದ್ದು ಒಳಗಿತ್ತು. ಒಲೆಯ ಮುಂದೆ ಹೋಗಿ ನಿಂತಿತು. ಬೂದಿಯ ಮೇಲೆ ಹನಿ ಬಿದ್ದು ಚುರುಕ್ ಎಂದಿತು. ಆಮೇಲೆ ತಿರುಗಿ ನನ್ನ ಪಕ್ಕದಲ್ಲೇ ಹಾದು ಡ್ರಾಯರಿನ ಹತ್ತಿರ ಹೋಯಿತು.

ಮಗು ಡ್ರಾಯರಿನಲ್ಲಿತ್ತು.

ಹಿಟ್ಟಿನ ಕೈಯಲ್ಲಿ ನಿಂತೇ ಇದ್ದೆ, ಎಷ್ಟು ಹೊತ್ತೋ. ಆಮೇಲೆ ಹೋಗಿ ಎತ್ತಿಕೊಂಡಾಗ ಅದರ ಕೂದಲು ಒದ್ದೆಯಾಗಿ ತಲೆಗೆ ಅಂಟಿತ್ತು. ತುಟಿ ನೀಲಿ. ನೆಲದ ಮೇಲೆ ಎರಡು ಬೂಟಿನ ಗುರುತು, ಪಕ್ಕಪಕ್ಕದಲ್ಲಿ, ತುದಿ ಮಗುವಿನ ಕಡೆಗೆ. ಆ ಗುರುತು ಇನ್ನೂ ಆರಿಲ್ಲ. ಒರೆಸಿದರೆ ಮತ್ತೆ ಬರುತ್ತದೆ.

ಡಾಕ್ಟರು ಎದೆಗೆ ಕಿವಿಯಿಟ್ಟು ಕೇಳಿ, "ಮಗು ನೀರಿಗೇನಾದ್ರೂ ಬಿದ್ದಿತ್ತೇನಮ್ಮ?" ಎಂದರು. ಎದೆಯಲ್ಲಿ ನೀರು ತುಂಬುತ್ತಿದೆಯಂತೆ. ಎಷ್ಟು ದಿನ ತಡೆಯುತ್ತದೋ ಹೇಳಲಾರೆ ಎಂದು ಹೋದರು.

ಫರ್ಕರ್ ಕೆಲಸಕ್ಕೆ ಹೋಗುತ್ತಿಲ್ಲ. ರಿವೆಟ್ ಹೊಡೆಯುವ ಸುತ್ತಿಗೆ ಹಿಡಿದು ಡ್ರಾಯರಿನ ಪಕ್ಕ ಕೂತಿದ್ದಾನೆ.

"ಅದ್ರಲ್ಲಿ ಏನನ್ನ ಹೊಡೀತೀಯ?" ಎಂದು ಕೇಳಿದೆ.

"ಬೂಟನ್ನ," ಎಂದ. ನಗಲಿಲ್ಲ. ನಾನೂ ನಗಲಿಲ್ಲ.

ನೀವು ವಿಳಾಸ ಹೇಳಿದ್ದಕ್ಕೆ ನಿಮ್ಮನ್ನು ಬೈಯಬೇಕು. ಅದು ಆಮೇಲೆ. ಈಗ ನೀವು ಅಲ್ಲಿಗೆ ಹೋಗಿ. ಹಲಗೆ ಬೂದಿಯಾಯಿತು, ಬದಲಿಗೆ ಏನು ಬೇಕು ಎಂದು ಅವನನ್ನು ಕೇಳಿ. ನನ್ನ ಕೂಸನ್ನು ಬಿಟ್ಟು ಏನು ಬೇಕಾದರೂ ಕೇಳಲಿ.

ಮಾರ್ಸಲಿ

*

ಸ್ಕಾರವಿಗ್,
21 ನವೆಂಬರ್ 1923

ಮಗಳೇ ಮಾರ್ಸಲಿ,

ನಿನ್ನೆ ಹೋದೆ. ಕೇಳಲು ಹೋಗಲಿಲ್ಲ, ಕೊಡಲು ಹೋದೆ. ಕೇಳಬೇಕಾದ ಅಗತ್ಯವಿರಲಿಲ್ಲ.

ನನ್ನ ಅಟ್ಟದ ಮೇಲೆ ಐದು ಹಲಗೆ ಇದ್ದವು. ನೀನು ಚಿಕ್ಕವಳಿದ್ದಾಗ ಅಲ್ಲಿಗೆ ಹತ್ತಿದರೆ ಬೈಯುತ್ತಿದ್ದೆನಲ್ಲ, ಇದಕ್ಕೇ. ನನ್ನ ಪೆಟ್ಟಿಗೆಗೆಂದು ಇಟ್ಟುಕೊಂಡದ್ದು. ನಮ್ಮಲ್ಲಿ ಐವತ್ತು ದಾಟಿದವರೆಲ್ಲ ಇಟ್ಟುಕೊಳ್ಳುತ್ತಾರೆ, ಸತ್ತ ದಿನವೇ ಕಡಲು ಮರ ಕೊಡುತ್ತದೆಂಬ ನಂಬಿಕೆ ಏನು. ನನ್ನ ಅಳತೆಗೆ ಕೊಯ್ದು, ನಯ ಮಾಡಿ ಇಟ್ಟಿದ್ದೆ. ಎಲ್ಲವೂ ಆ ಹಡಗಿನವೇ.

ಬೇಹಾಗ್‌ಗೆ ನಿನ್ನ ಕಾಗದ ಪೂರ್ತಿ ಓದಿ ಹೇಳಿದೆ. ಅವಳು ಶಾಲು ಹೊದ್ದು ಎದ್ದಳು.

"ಒಂದು ತುದಿ ನಾನು ಹಿಡೀತೀನಿ," ಎಂದಳು.

"ನಿನ್ನನ್ನೇ ಯಾರಾದ್ರೂ ಎಳೀಬೇಕು ಅಂತಿದ್ದೆ?"

"ಬಾಯಿ ಮುಚ್ಚಿ ಹಿಡಿ. ಕತ್ತಲಾಗೋಕೆ ನಾಲ್ಕು ಗಂಟೆ ಇದೆ."

ಐದು ಸಲ ಇಳಿದು ಹತ್ತಿದೆವು. ದಿಬ್ಬದಲ್ಲಿ ಅವನನ್ನು ಹೂತ ಜಾಗ ನನಗೆ ಮರೆತಿರಲಿಲ್ಲ. ಅಗೆದೆ. ಹೆಚ್ಚು ಆಳ ಇರಲಿಲ್ಲ, ಆವತ್ತು ಆಳವಾಗಿ ತೋಡುವಷ್ಟು ಪುರುಸೊತ್ತು ಯಾರಿಗಿತ್ತು. ಬಟ್ಟೆ ಕೊಳೆತು ಹೋಗಿತ್ತು. ಗುಂಡಿಗಳಿದ್ದವು. ಬೂಟುಗಳಿದ್ದವು. ಮಗಳೇ, ನಲವತ್ತೆರಡು ವರ್ಷ ಒಣಮರಳಲ್ಲಿದ್ದ ಬೂಟಿನ ತುಂಬ ನೀರಿತ್ತು.

ಆಗ ತಲೆಯೆತ್ತಿದೆ. ಅವನು ತೆಂಕಣ ಬಂಡೆಯ ಹತ್ತಿರ ನಿಂತಿದ್ದ.

ಪಕ್ಕದ ಹಲಗೆ ಎರಡು ಜೋಡಿಸಿ ನೋಡಿದಾಗ ಅವನು ಅರ್ಧ ದಾರಿ ಬಂದಿದ್ದ. ತಳ ಹಾಕಿದಾಗ ದಿಬ್ಬದ ಬುಡದಲ್ಲಿದ್ದ. ಆಮೇಲೆ ನಾನು ನೋಡಲಿಲ್ಲ. ಮೂಳೆಗಳನ್ನು ಒಂದೊಂದಾಗಿ ಎತ್ತಿ ಇಟ್ಟೆ. ಬೂಟಿನ ನೀರು ಚೆಲ್ಲಿ ಅದನ್ನೂ ಇಟ್ಟೆ. ಬೆನ್ನಿಗೆ ಚಳಿ ಹತ್ತಿತು, ಗಾಳಿಯ ಚಳಿಯಲ್ಲ. ಕಾಲ ಕೆಳಗಿನ ಮರಳು ಕಪ್ಪಗಾಗುತ್ತ ಬಂತು.

"ಎಲ್ಲಿದ್ದಾನೆ?" ಎಂದು ಬೇಹಾಗಳನ್ನು ಕೇಳಿದೆ.

"ನಿನ್ನ ಕೆಲಸ ನೀನು ನೋಡ್ಕೋ. ಮೊಳೆ ಹೊಡಿ."

"ಬೇಹಾಗ್, ಎಲ್ಲಿ?"

"ಹೊಡಿ ಅಂದ್ನಲ್ಲ!"

ಹೊಡೆದೆ. ಹನ್ನೆರಡು ಮೊಳೆ. ಮುಚ್ಚಳ ಕೂರುವ ಮೊದಲು ಒಂದು ಮಾತು ಹೇಳಬೇಕಿತ್ತು, ಹೇಳಿದೆ. ಅದನ್ನು ನಿನಗೂ ಹೇಳಬೇಕು. ಹಲಗೆಯಿಂದ ಅವನ ಬೆರಳು ಬಿಡಿಸಿದೆ ಎಂದು ಬರೆದಿದ್ದೆನಲ್ಲ. ಆ ಬೆರಳು ಬೆಚ್ಚಗಿತ್ತು. ಕಣ್ಣು ತೆರೆದಿತ್ತು, ನಾವು ಹಲಗೆಗೆ ಕಲ್ಲಿಡುವುದನ್ನು ನೋಡುತ್ತಿದ್ದ. ಕಡಲು ತನ್ನದೆಂದು ಹಿಡಿದವನನ್ನು ಕಿತ್ತುಕೊಂಡರೆ ಬದಲಿಗೆ ನಮ್ಮವನೊಬ್ಬನನ್ನು ಒಯ್ಯುತ್ತದೆ ಎಂದು ಹಿರಿಯರು ಹೇಳಿದ್ದರು. ನಿನ್ನಪ್ಪ ಆಗ ಮೀನಿಗೆ ಹೋಗುತ್ತಿದ್ದ. ಹಾಗಾಗಿ ನಾನು ಆ ನಾವಿಕನನ್ನು ಅಲ್ಲೇ ಬಿಟ್ಟು ಹಲಗೆ ತೆಗೆದುಕೊಂಡು ಬಂದೆ. ತಿರುಗಿ ಹೋದಾಗ ತಣ್ಣಗಾಗಿದ್ದ. ಇದು ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಬೇಹಾಗ್ ನಿನ್ನೆ ಕೇಳಿಸಿಕೊಂಡಳು.

ಹೂತು, ಮರಳು ಎಳೆದು, ಮೇಲೆ ಬಂಡೆ ಪೇರಿಸಿದೆವು. ಬೇಹಾಗ್ ಮನೆಯವರೆಗೆ ನನ್ನ ಜೊತೆ ಬಂದಳು. ಬಾಗಿಲಲ್ಲಿ ನಿಂತು ಹೇಳಿದಳು:

"ನಿನ್ನ ಬೆನ್ನಿಗೆ ತಾಗಿಕೊಂಡೇ ನಿಂತಿದ್ದ ಲಾಕ್ಲನ್. ಟೋಪಿ ತೆಗೆದು ಕೈಲಿ ಹಿಡ್ಕೊಂಡಿದ್ದ, ಮಣ್ಣಿಗೆ ಬಂದವ್ರು ಹಿಡಿಯೋ ಹಾಗೆ."

ನನ್ನ ಅಟ್ಟ ಈಗ ಖಾಲಿ. ನನ್ನ ಸರದಿ ಬಂದಾಗ ಹಾಯಿಬಟ್ಟೆಯೇ ಗತಿ. ನ್ಯಾಯವೇ, ನನಗೆ ಬೇಸರವಿಲ್ಲ. ಆಮೇಲೆ ನಾನೇನಾದರೂ ನಿನ್ನ ಮೆಟ್ಟಿಲು ಹತ್ತಿ ಬಂದರೆ ಹೆದರಬೇಡ, ಒಂದು ಲೋಟ ಚಹಾ ಕೊಟ್ಟು ಕಳಿಸು.

ತಮಾಷೆಗೆ ಬರೆದೆ. ಮಗು ಹೇಗಿದೆ? ಒಂದೇ ಸಾಲು ಬರೆದರೂ ಸಾಕು. ಅಂಚೆಯವನು ಕಂಡರೆ ಓಡಿಹೋಗಬೇಕೋ ಅಡಗಿಕೊಳ್ಳಬೇಕೋ ತಿಳಿಯುತ್ತಿಲ್ಲ.

ದೊಡ್ಡಪ್ಪ

*

ಗ್ಲಾಸ್ಗೊ,
26 ನವೆಂಬರ್ 1923

ದೊಡ್ಡಪ್ಪ,

ಮಗು ಬದುಕಿದೆ. ಮೊದಲು ಅದನ್ನು ಬರೆದೆ, ಈಗ ಕೂತು ಓದಿ.

ನೀವು ಹೋದ ಮಂಗಳವಾರ, ಮಧ್ಯಾಹ್ನ ಎರಡೂವರೆಗೆ ನೀಲ್ ನನ್ನ ಮಡಿಲಲ್ಲಿ ಒಮ್ಮೆಗೇ ಬಿರುಸಾಗಿ ಕೆಮ್ಮಿದ. ಬಾಯಿಂದ ಮೂಗಿಂದ ನೀರು ಬಂತು, ಒಂದು ಬಟ್ಟಲಾಗುವಷ್ಟು. ಆಮೇಲೆ ಕಟ್ಟಡವೇ ಕೇಳುವ ಹಾಗೆ ಅತ್ತ. ಮಿಸೆಸ್ ಟೋಲನ್ ಓಡಿ ಬಂದಳು. "ಈ ಗಂಟಲು ಇಷ್ಟು ದಿನ ಎಲ್ಲಿಟ್ಟಿದ್ಯೋ ಕಳ್ಳ!" ಎಂದು ಅವನನ್ನು ಎತ್ತಿಕೊಂಡು ತಾನೂ ಅತ್ತಳು. ಡಾಕ್ಟರು ತಮ್ಮ ಔಷಧಿಯಿಂದಲೇ ಗುಣವಾಯಿತೆಂದು ಹೇಳಿಕೊಂಡು ಹೋದರು. ನಾವು ಹೌದೆಂದೆವು.

ನೆಲದ ಗುರುತು ಅಂದೇ ಆರಿತು. ಬಿಳಿ ಪುಡಿ ಉಳಿದಿತ್ತು, ಗುಡಿಸಿದೆ. ಆದರೂ ದಿನವೂ ಎದ್ದವಳೇ ಬಾಗಿಲು ತೆರೆದು ಮೆಟ್ಟಿಲನ್ನು ಅಂಗೈಯಿಂದ ಮುಟ್ಟಿ ನೋಡುತ್ತೇನೆ. ಫರ್ಕರ್ ನೋಡದ ಹಾಗೆ ಇರುತ್ತಾನೆ. ಅವನು ನನಗಿಂತ ಮೊದಲೇ ಎದ್ದು ಮುಟ್ಟಿ ಬಂದಿರುತ್ತಾನೆ, ಅದು ನನಗೆ ಗೊತ್ತು.

ನಿಮ್ಮನ್ನು ಬೈಯುತ್ತೇನೆ ಎಂದಿದ್ದೆ. ಬೈಗುಳವೆಲ್ಲ ಜೋಡಿಸಿಟ್ಟಿದ್ದೆ, ನಿಮ್ಮ ಕಾಗದ ಓದಿದ ಮೇಲೆ ಒಂದೂ ಕೈಗೆ ಸಿಗಲಿಲ್ಲ. ಆ ಬೆಚ್ಚಗಿನ ಬೆರಳಿನ ವಿಷಯ ನಾನು ಯಾರಿಗೂ ಓದಿ ಹೇಳಿಲ್ಲ. ಅದಕ್ಕೆ ಏನು ಹೇಳಬೇಕೆಂದೂ ತಿಳಿಯದು. ಪರವಾಗಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಇಷ್ಟು ವರ್ಷ ಅದನ್ನು ಇಟ್ಟುಕೊಂಡು ನೀವು ನನ್ನ ತಲೆ ಬಾಚಿದಿರಿ, ಜ್ವರ ಬಂದಾಗ ಪಕ್ಕದಲ್ಲಿ ಕೂತಿರಿ. ಅದೂ ಸುಳ್ಳಲ್ಲ.

ಹಾಯಿಬಟ್ಟೆಯ ಮಾತು ಮಾತ್ರ ಇನ್ನೊಮ್ಮೆ ಬರೆಯಬೇಡಿ. ಅದನ್ನು ಓದಿ ಹೇಳಿದ ಸಂಜೆ ಫರ್ಕರ್ ಹೊರಗೆ ಹೋದ. ಮರುದಿನ ಯಾರ್ಡಿನ ಬಡಗಿಗಳನ್ನು ಬೇಡಿ ಪಡೆದ ಐದು ಪೈನ್ ಹಲಗೆ ಹೊತ್ತು ತಂದ. "ಯಾವ ಹಡಗಿಂದೂ ಅಲ್ಲ ಕಣೇ, ಕಾಡಿಂದ ನೇರ ಬಂದಿದ್ದು. ಮೂರು ಜನರ ಹತ್ರ ವಿಚಾರಿಸಿದೀನಿ," ಎಂದ. ಅವು ಈಗ ನಮ್ಮ ಮಂಚದ ಕೆಳಗಿವೆ.

ಮಾರ್ಚಿನ ಹಡಗಿಗೆ ನಾವು ಮೂವರೂ ಹಲಗೆ ತೆಗೆದುಕೊಂಡು ಬರುತ್ತೇವೆ. ಅಲ್ಲಿಯವರೆಗೆ ನೀವು ಕೊಲ್ಲಿಗೆ ಇಳಿಯಕೂಡದು, ಬಂಡೆ ಹತ್ತಕೂಡದು, ಸಾಯಕೂಡದು. ನನಗಿನ್ನೂ ಭಯವಿದೆ ದೊಡ್ಡಪ್ಪ. ಒದ್ದೆ ಬೂಟಿನ ಸದ್ದನ್ನು ಮತ್ತೊಮ್ಮೆ ಕೇಳಲಾರೆ, ಅದು ನಿಮ್ಮದೇ ಬೂಟಾದರೂ. ಚಹಾ ಬೇಕಿದ್ದರೆ ಬದುಕಿರುವಾಗಲೇ, ಟಿಕೆಟು ಕೊಂಡು, ಹಗಲಲ್ಲಿ ಬನ್ನಿ.

ಫರ್ಕರ್ ಹಲಗೆಗಳನ್ನು ಇಲ್ಲಿಯೇ ಅಳತೆಗೆ ಕೊಯ್ದು ತರುತ್ತಾನಂತೆ. ನಿಮ್ಮ ಎತ್ತರ ಎಷ್ಟು, ಬರುವ ಅಂಚೆಗೆ ಬರೆಯಿರಿ.

ನಿಮ್ಮ ಮಗಳು,
ಮಾರ್ಸಲಿ